ಮುಳ್ಳು ಚುಚ್ಚಿದ ಪುಟ

ಹಗರಿಬೊಮ್ಮನಹಳ್ಳಿಯಲ್ಲಿ ನನಗೆ ಮುಳ್ಳಿನ ಮಾಸ್ತರ ಎಂಬ ಹೆಸರಿತ್ತು. ಹೊರಗಿನಿಂದ ಬಂದವರು ಅದು ನನ್ನ ಸಿಟ್ಟಿಗೆ ಇಟ್ಟ ಹೆಸರು ಎಂದುಕೊಳ್ಳುತ್ತಿದ್ದರು. ಸಿಟ್ಟೂ ಇತ್ತೆನ್ನಿ, ಸುಳ್ಳೇಕೆ ಹೇಳಲಿ. ಆದರೆ ಹೆಸರು ಬಂದದ್ದು ನಿಜವಾದ ಮುಳ್ಳಿನಿಂದ, ಬಳ್ಳಾರಿ ಜಾಲಿಯ ಮುಳ್ಳಿನಿಂದ. ನಮ್ಮ ಕಡೆ ಮಳೆ ಬರಲಿ ಬಿಡಲಿ, ಜಾಲಿಗೆ ಮಾತ್ರ ಎಂದೂ ಕೊರತೆಯಿಲ್ಲ. ಶಾಲೆಯಲ್ಲಿ ಸ್ಟೇಪ್ಲರ್ ಎಂಬುದು ಹೆಡ್‌ಮಾಸ್ತರರ ಮೇಜಿನ ಮೇಲೆ ಒಂದೇ ಒಂದಿತ್ತು, ಅದರಲ್ಲಿ ಪಿನ್ನು ಇದ್ದದ್ದನ್ನು ನಾನು ನೋಡಲಿಲ್ಲ. ಉತ್ತರಪತ್ರಿಕೆ, ರಜಾಚೀಟಿ, ಟಿ.ಸಿ.ಯ ನಕಲು ಎಲ್ಲವನ್ನೂ ನಾವು ಜಾಲಿಮುಳ್ಳಿನಲ್ಲೇ ಚುಚ್ಚಿ ಜೋಡಿಸುತ್ತಿದ್ದೆವು. ನೆಟ್ಟಗಿನ, ಬೆರಳುದ್ದದ, ಒಣಗಿದ ಮುಳ್ಳುಗಳನ್ನು ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ಸ್ಟಾಫ್ ರೂಮಿನ ಕಿಟಕಿಯಲ್ಲಿ ಇಟ್ಟಿರುತ್ತಿದ್ದೆವು.

ಆ ಮುಳ್ಳಿಗೆ ನಾನು ಇನ್ನೊಂದು ಕೆಲಸ ಕಂಡುಹಿಡಿದೆ. ಅದರ ಕಥೆಯನ್ನೇ ಈಗ ಹೇಳುತ್ತಿರುವುದು.

ನಾನು ಓದಿದ್ದು ಚರಿತ್ರೆ. ಶಾಲೆಯ ಇಂಗ್ಲಿಷ್ ಮಾಸ್ತರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಒಂದು ದಿನ ಹೆಡ್‌ಮಾಸ್ತರರು ನನ್ನನ್ನು ಕರೆದು, "ಬ್ರಿಟಿಷರ ಚರಿತ್ರಿ ಹೇಳ್ತೀರಲ್ರಿ, ಅವರ ಭಾಷಿನೂ ಒಂಚೂರು ನೀವ ಹೇಳಿಬಿಡ್ರಿ" ಎಂದರು. ಒಂಚೂರು ಎಂದದ್ದು ಹನ್ನೆರಡು ವರ್ಷ ನಡೆಯಿತು. ನನಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಲು ಬರುತ್ತಿರಲಿಲ್ಲ. ಬೆಂಗಳೂರಿನಿಂದ ಇನ್‌ಸ್ಪೆಕ್ಟರ್ ಬಂದ ದಿನ ಹೊಟ್ಟೆನೋವೆಂದು ರಜಾ ಹಾಕಿದವನು ನಾನು. ಆದರೆ ಪ್ರಶ್ನೆಪತ್ರಿಕೆ ಓದಲು ಬರುತ್ತಿತ್ತು. ಚರಿತ್ರೆ ಓದಿದವನಲ್ಲವೇ, ಹಿಂದೆ ಆದದ್ದನ್ನು ಸರಿಯಾಗಿ ನೋಡಿದರೆ ಮುಂದೆ ಆಗುವುದನ್ನು ಹೇಳಬಹುದು ಎಂಬ ಸೊಕ್ಕು ನನ್ನಲ್ಲಿ ಬೇಕಾದಷ್ಟಿತ್ತು. ಎಸ್ಸೆಸ್ಸೆಲ್ಸಿಯ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಕಾಡಿ ಬೇಡಿ ಕೂಡಿಸಿ, ದಾರಕ್ಕೆ ಪೋಣಿಸಿ, ಪಡಸಾಲೆಯ ಗೋಡೆಗೆ ನೇತುಹಾಕಿದೆ. ದಿನಾ ಮುಂಜಾನೆ ಹಲ್ಲುಜ್ಜುತ್ತ ಅದರ ಮುಂದೆ ನಿಲ್ಲುತ್ತಿದ್ದೆ. ಮಾರ್ಚಿಯಲ್ಲಿ ಯಾವುದು ಬಂದಿದೆ, ಅಕ್ಟೋಬರಿನಲ್ಲಿ ಯಾವುದು, ಯಾವುದು ಯಾವುದರ ಬೆನ್ನಿಗೆ ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ.

ಹಾಗೆ ಲೆಕ್ಕ ಹಾಕಿ ಟ್ಯೂಷನ್ನಿಗೆ ಬರುವವರ ಗೈಡಿನಲ್ಲಿ ಚುಕ್ಕಿ ಹಾಕಿಕೊಡುತ್ತಿದ್ದೆ. ಒಂದು ಚುಕ್ಕಿ ಎಂದರೆ ಬರಬಹುದು, ಎರಡು ಎಂದರೆ ಬರುತ್ತದೆ, ಮೂರು ಎಂದರೆ ಬಾರದಿದ್ದರೆ ನನ್ನ ಮೀಸೆ ಬೋಳಿಸಿ. ಬರುವುದಿಲ್ಲ ಎಂದು ಖಾತ್ರಿಯಾದ ಪುಟಗಳನ್ನು ಒಟ್ಟು ಹಿಡಿದು ಅಂಚಿಗೆ ಒಂದು ಜಾಲಿಮುಳ್ಳು ಚುಚ್ಚಿಬಿಡುತ್ತಿದ್ದೆ. ಮುಳ್ಳು ಚುಚ್ಚಿದ ಪುಟ ಬಿಚ್ಚುವ ಹಾಗಿಲ್ಲ. ನಮ್ಮ ಮಕ್ಕಳಿಗೆ ಗೈಡು ನೋಡಿದರೇ ಎದೆ ನಡುಗುತ್ತಿತ್ತು. ಅರ್ಧಕ್ಕರ್ಧ ಮುಳ್ಳು ಬಿದ್ದಾಗ ಅವರ ಮುಖ ಅರಳುತ್ತಿದ್ದುದನ್ನು ನೀವು ನೋಡಬೇಕಿತ್ತು. ಐದಾರು ವರ್ಷ ನನ್ನ ಲೆಕ್ಕ ತಪ್ಪಲಿಲ್ಲ. ಕೋಗಳಿಯಿಂದ ಮಕ್ಕಳು ನಡೆದೇ ಬರುತ್ತಿದ್ದರು. ಕೊಟ್ಟೂರಿನಿಂದ, ಹರಪನಹಳ್ಳಿಯಿಂದ ಯಾರದೋ ಮಾವ, ಯಾರದೋ ಅಣ್ಣ ಗೈಡು ಹಿಡಿದುಕೊಂಡು ಬಸ್ಸಿಗೆ ಬಂದು, "ಮಾಸ್ತರ, ಇದಕ್ಕೊಂದೀಟು ಮುಳ್ಳು ಚುಚ್ಚಿಕೊಡ್ರಿ" ಎಂದು ಕೈಮುಗಿದು ನಿಲ್ಲುತ್ತಿದ್ದರು. ನಾನು ಕನ್ನಡಕ ಏರಿಸಿಕೊಂಡು, ಡಾಕ್ಟರ ಗತ್ತಿನಲ್ಲಿ, ಒಂದೊಂದೇ ಪುಟ ತಿರುವುತ್ತಿದ್ದೆ.

ಆ ಗತ್ತಿನ ಕಾಲದಲ್ಲೇ ಅಕ್ಕ ನಮ್ಮ ಮನೆಗೆ ಬಂದಳು.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಒಲೆಯ ಬೂದಿಯನ್ನು ನೆಲದ ಮೇಲೆ ಹರಡಿ, ನನ್ನ ಬೆರಳು ಹಿಡಿದು ಅ ಆ ತಿದ್ದಿಸಿದವಳು ಅವಳು. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ನಪಾಸಾದಳು. ಮತ್ತೆ ಕಟ್ಟುವುದರೊಳಗೆ ಹಿರೇಹಡಗಲಿಯಲ್ಲಿ ಮದುವೆ ಮಾಡಿ ಕೊಟ್ಟರು. ಹದಿನಾರು ವರ್ಷಕ್ಕೂ ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ. ಅವಳು ಬಂದು ಮೂರು ತಿಂಗಳಿಗೆ ಅಕ್ಕ ಒಂದು ಟ್ರಂಕು ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತಳು. "ಒಂದೆಂಟು ದಿನ ಇದ್ದು ಹೋಗ್ತೀನೋ" ಎಂದಳು. ನನ್ನ ಹೆಂಡತಿ ಟ್ರಂಕನ್ನು ಅವಳ ಕೈಯಿಂದ ಇಸಿದುಕೊಂಡು ಒಳಗಿಟ್ಟಳು. ಎಂಟು ದಿನ ಹೋಗಿ ಎಂಟು ತಿಂಗಳಾಯಿತು.

ನಮ್ಮೂರಿನ ಆಸ್ಪತ್ರೆಯ ನರ್ಸಮ್ಮ ನಮ್ಮ ಓಣಿಯವರೇ. ಅಕ್ಕನ ಕೈಗುಣ, ಮಾತಿನ ಮೆದುತನ ನೋಡಿ ಒಂದು ದಿನ ಹೇಳಿದರು, ಬಳ್ಳಾರಿಯಲ್ಲಿ ಹೆರಿಗೆ ಮಾಡಿಸುವ ನರ್ಸುಗಳ ತರಬೇತಿಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆ, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಉಳಿದದ್ದು ತಾನು ನೋಡಿಕೊಳ್ಳುತ್ತೇನೆ ಎಂದು. ಆದರೆ ಅದಕ್ಕೊಂದು ವಯಸ್ಸಿನ ಮಿತಿ ಇತ್ತು. ಬರುವ ಅಕ್ಟೋಬರಿನಲ್ಲಿ ಇಂಗ್ಲಿಷ್ ಪಾಸಾದರೆ ಅಕ್ಕ ಆ ಮಿತಿಯ ಒಳಗೆ ಬರುತ್ತಿದ್ದಳು. ಮುಂದಿನ ಮಾರ್ಚಿ ಎಂದರೆ ದಾಟಿಹೋಗುತ್ತಿತ್ತು. ಅದೇ ವಾರ ಹಿರೇಹಡಗಲಿಯವರೂ ಹೇಳಿ ಕಳಿಸಿದರು. ಚಿಕ್ಕವಳು ಬಸುರಿ, ಮನೆಯಲ್ಲಿ ಕೈಗೆ ಆಗುವವರಿಲ್ಲ, ದೊಡ್ಡವಳನ್ನು ಕಳಿಸಿಕೊಡಿ ಎಂದು. ಅಪ್ಪ ಇಲ್ಲದ ಮನೆ ನಮ್ಮದು, ಇಂಥ ಮಾತಿಗೆಲ್ಲ ದೊಡ್ಡಪ್ಪನೇ ಹಿರಿಯ. ಅವನು ಬಂದು ಪಡಸಾಲೆಯಲ್ಲಿ ಕೂತು, ಎಲೆಯಡಿಕೆ ಹಾಕಿಕೊಂಡು, ಅಕ್ಕನನ್ನು ಕರೆದು ಹೇಳಿದ.

"ನೋಡವ್ವಾ, ಅಕ್ಟೋಬರ್ ಮಟ ನಾ ಅವರ್ನ ತಡೀತೀನಿ. ಪಾಸಾದಿ, ನಿನ್ನ ದಾರಿ ನಿಂದು, ಯಾರೂ ಕೇಳಂಗಿಲ್ಲ. ಇಲ್ಲಾಂದ್ರ ಸುಮ್ಮನ ಗಂಡನ ಮನಿಗಿ ನಡಿ. ಗಂಡ ಇದ್ದೂ ತಮ್ಮನ ಮನ್ಯಾಗ ಎಷ್ಟ ದಿನ ಇರ್ತಿ?"

ಅಕ್ಕ ತಲೆಯಾಡಿಸಿದಳು. ನಾನು ದೊಡ್ಡಪ್ಪನ ಎದುರಿಗೆ ಕಾಲ ಮೇಲೆ ಕಾಲು ಹಾಕಿಕೊಂಡು, "ಇಂಗ್ಲಿಷ್ ಒಂದ ಅಲ್ಲೇನು ದೊಡ್ಡಪ್ಪಾ, ಅದನ್ನ ನನಗ ಬಿಡು" ಎಂದೆ. ನನ್ನ ಆ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ.

ಪಾಠ ಮುಂಜಾನೆ ನಡೆಯುತ್ತಿತ್ತು. ಟ್ಯೂಷನ್ ಮಕ್ಕಳು ಹೋದ ಮೇಲೆ, ನಾನು ಶಾಲೆಗೆ ಹೊರಡುವ ಮೊದಲು, ಅಕ್ಕ ರೊಟ್ಟಿ ಬಡಿಯುತ್ತ, ನಾನು ಬಾಗಿಲ ಹೊಸ್ತಿಲಲ್ಲಿ ಕೂತು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಾನೂ ನಂಬಿದ್ದೆ, ಅವಳೂ ನಂಬಿದ್ದಳು. ಅದು ಸುಳ್ಳು ಎಂದು 'ಟೂ' ಎಂಬ ಪಾಠದ ದಿನ ನನಗೆ ಗೊತ್ತಾಗಬೇಕಿತ್ತು.

ಯಾವುದಾದರೂ ಅತಿಯಾದಾಗ ಇಂಗ್ಲಿಷಿನವರು ಟೂ ಎನ್ನುತ್ತಾರೆ ಎಂದು ಹೇಳಿ, ಗೈಡಿನಲ್ಲಿದ್ದ ವಾಕ್ಯ ಓದಿದೆ. ದಿ ಟೀ ಈಸ್ ಟೂ ಹಾಟ್ ಟು ಡ್ರಿಂಕ್. ಚಹಾ ಬಹಳ ಬಿಸಿ ಇದೆ.

ಅಕ್ಕ ರೊಟ್ಟಿಯ ಮೇಲೆ ನೀರು ಸವರಿದಳು. ಆಮೇಲೆ, "ಬಾಳ ಬಿಸಿ ಐತಿ ಅಂದ್ರ ಊದಿಕೊಂಡು ಕುಡೀಬೌದಲ್ಲೋ. ಇವ್ರು ಹಂಗ ಹೇಳವಲ್ರು. ಕುಡ್ಯಾಕ ಆಗಂಗ ಇಲ್ಲ ಅಂತಾರ. ಆಗಂಗಿಲ್ಲ ಅನ್ನೂದು ಆ ಟೂ ಒಳಗ ಕುಂತೈತಿ, ಹೌದಲ್ಲೋ?" ಎಂದಳು.

ಅಷ್ಟು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಅದನ್ನು ಹೇಳಿರಲಿಲ್ಲ. ನಾನೂ ಯೋಚಿಸಿರಲಿಲ್ಲ. 'ಟೂ ತೆಗೆದು ಬರೆಯಿರಿ' ಎಂಬ ಐದಂಕದ ಪ್ರಶ್ನೆಗೆ 'ಸೋ' ಹಾಕಬೇಕು, 'ದಟ್' ಹಾಕಬೇಕು, 'ಕೆನಾಟ್' ಹಾಕಬೇಕು ಎಂದು ಮಂತ್ರದಂತೆ ಬಾಯಿಪಾಠ ಮಾಡಿಸುತ್ತಿದ್ದೆನೇ ಹೊರತು, ಆ ಕೆನಾಟ್ ಎಲ್ಲಿಂದ ಬಂತೆಂದು ಕೇಳಿದವರಿಲ್ಲ. "ಹೂಂ, ಹಂಗ ಅನ್ಕೋ" ಎಂದು ಬೇಸರದಿಂದ ಹೇಳಿ ಮುಂದಿನ ವಾಕ್ಯಕ್ಕೆ ಹೋದೆ.

ಮರುದಿನದಿಂದ ಅಕ್ಕ ತಾನೇ ವಾಕ್ಯ ಮಾಡತೊಡಗಿದಳು. ಮುದುಡಿದ ರೊಟ್ಟಿ ತೋರಿಸಿ, ದಿ ರೊಟ್ಟಿ ಈಸ್ ಟೂ ಹಾರ್ಡ್ ಟು ಈಟ್. ನೀರು ಸೇದಿ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ದಿ ವೆಲ್ ಈಸ್ ಟೂ ಡೀಪ್. ನನ್ನ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಶೀ ಈಸ್ ಟೂ ಹೆವಿ ಟು ಕ್ಯಾರಿ. ನಾನು ಸಿಟ್ಟಿಗೆದ್ದು ರೇಗಿದ ದಿನ ಬಾಗಿಲ ಹಿಂದಿನಿಂದ, ಮೈ ಬ್ರದರ್ ಈಸ್ ಟೂ ಆಂಗ್ರಿ ಟು ಟೀಚ್ ಎಂದು ಹೇಳಿ ನನ್ನ ಹೆಂಡತಿಯೊಂದಿಗೆ ಬಿದ್ದು ಬಿದ್ದು ನಕ್ಕಳು. ಆ ಮೂರು ತಿಂಗಳು ಅಕ್ಕ ನಕ್ಕಷ್ಟು ಅದಕ್ಕೆ ಮೊದಲು ನಕ್ಕದ್ದನ್ನು ನಾನು ನೋಡಿಲ್ಲ, ಆಮೇಲಂತೂ ನೋಡಲಿಲ್ಲ.

ಗೈಡಿನಲ್ಲಿ ಟೂ ಮುಗಿದ ಮೇಲಿನ ಎರಡು ಪುಟ 'ಎನಫ್' ಎಂಬುದರ ಮೇಲಿತ್ತು. ಅತಿಯಾದದ್ದಕ್ಕೆ ಟೂ, ಸಾಕಾಗುವಷ್ಟು ಇದ್ದರೆ ಎನಫ್. ಪ್ರಶ್ನೆಪತ್ರಿಕೆಯಲ್ಲಿ ಯಾವಾಗಲೂ ಎರಡರಲ್ಲಿ ಒಂದು ಬರುತ್ತಿತ್ತು, ಎರಡೂ ಬಂದದ್ದಿಲ್ಲ. ಆ ವರ್ಷ ಮಾರ್ಚಿಯಲ್ಲಿ ಎನಫ್ ಬಂದಿತ್ತು. ಮಾರ್ಚಿಯಲ್ಲಿ ಬಂದದ್ದು ಅಕ್ಟೋಬರಿನಲ್ಲಿ ಬರುವುದಿಲ್ಲ ಎಂಬುದು ನನ್ನ ಗೋಡೆಯ ಮೇಲಿನ ಪತ್ರಿಕೆಗಳ ಸಾಕ್ಷಿ. ಟೂ ಪುಟಕ್ಕೆ ಮೂರು ಚುಕ್ಕಿ ಹಾಕಿದೆ. ಎನಫ್ ಇದ್ದ ಎರಡು ಪುಟಗಳನ್ನು ಜೋಡಿಸಿ ಹಿಡಿದು, "ಒಂದ ಮುಳ್ಳು ಕೊಡು" ಎಂದೆ.

ಮುಳ್ಳು ಆರಿಸಿ ತರುವ ಕೆಲಸ ಅಷ್ಟು ಹೊತ್ತಿಗೆ ಅಕ್ಕನದೇ ಆಗಿತ್ತು. ಹಳ್ಳದ ದಂಡೆಗೆ ಕಟ್ಟಿಗೆಗೆ ಹೋದಾಗ ನೆಟ್ಟಗಿನವು ನೋಡಿ ಮುರಿದು, ಬಿಸಿಲಿಗೆ ಒಣಗಿಸಿ, ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಡಬ್ಬಿ ತೆಗೆದಳು, ಮುಳ್ಳು ಹಿಡಿದಳು, ಆದರೆ ಕೊಡಲಿಲ್ಲ.

"ಎರಡ ಪುಟ ಐತಲ್ಲೋ. ಓದಿಬಿಡ್ತೀನಿ. ಓದಿದ್ರ ಏನ ಹೋಗ್ತೈತಿ?"

"ಬರಂಗಿಲ್ಲಂತ ಹೇಳಿದ್ನಲ್ಲ."

"ಪರೀಕ್ಷಾಕ್ಕ ಬರ್ಲಿ ಬಿಡ್ಲಿ. ಹೆಚ್ಚಾಗೂದು ಹೆಂಗಂತ ತಿಳೀತು. ಸಾಕಾಗೂದು ಹೆಂಗಂತಾರ ನೋಡ್ಬೇಕು ಅನಸ್ತೈತಿ."

ನನಗೆ ಎಲ್ಲಿತ್ತೋ ಸಿಟ್ಟು. ಕೊಟ್ಟೂರಿನವರು ಕೂಡ್ಲಿಗಿಯವರು ನನ್ನ ಮುಳ್ಳಿಗೆ ಕೈಮುಗಿಯುತ್ತಾರೆ, ನನ್ನ ಮನೆಯಲ್ಲೇ ಅದಕ್ಕೆ ಬೆಲೆಯಿಲ್ಲ ಎನಿಸಿತು. "ಹಿಂಗ ಕಂಡದ್ದೆಲ್ಲಾ ಓದಿ ತಲಿಯೊಳಗ ಕಲಸಿಕೊಂಡ ನೀ ಮೂರು ಸಲ ಕಟ್ಟಿ ನಪಾಸ ಆಗೀದಿ. ಈ ಸಲ ನಾ ಹೇಳಿದಷ್ಟ ಓದು. ಇಷ್ಟ ಸಾಕು" ಎಂದೆ. ಮೂರು ಸಲ ಎಂಬುದೂ ಸುಳ್ಳು, ಅವಳು ಕಟ್ಟಿದ್ದು ಒಂದೇ ಸಲ. ಸಿಟ್ಟಿನಲ್ಲಿ ನಾನು ಯಾವಾಗಲೂ ಒಂದಕ್ಕೆ ಮೂರು ಹೇಳುವವನು.

ಅಕ್ಕ ಮುಳ್ಳು ಕೊಟ್ಟಳು. ನಾನು ಚುಚ್ಚಿದೆ. ಅವಳೇ ಆರಿಸಿದ ಮುಳ್ಳಲ್ಲವೇ, ಗಟ್ಟಿಯಾಗಿತ್ತು, ಎರಡೂ ಹಾಳೆ ಸಲೀಸಾಗಿ ದಾಟಿ ಆಚೆ ಬಂತು.

ಖಾಸಗಿಯಾಗಿ ಪರೀಕ್ಷೆ ಕಟ್ಟಿದವರಿಗೆ ಆ ಸಲ ಸೆಂಟರ್ ಬಿದ್ದದ್ದು ಕೂಡ್ಲಿಗಿಯಲ್ಲಿ. ಮುಂಜಾನೆಯ ಬಸ್ಸಿಗೆ ನಾನೇ ಕರೆದುಕೊಂಡು ಹೋದೆ. ಅಕ್ಕ ನನ್ನ ಹೆಂಡತಿಯ ಮದುವೆಯ ಸೀರೆ ಉಟ್ಟಿದ್ದಳು. ಹಾಲ್ ಟಿಕೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ದಾರಿಯುದ್ದಕ್ಕೂ ಆ ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಗೇಟಿನ ಹತ್ತಿರ ನಿಂತಿದ್ದವರೆಲ್ಲ ಹದಿನಾರು ಹದಿನೇಳರ ಹುಡುಗ ಹುಡುಗಿಯರು. ಒಬ್ಬಳು ಅಕ್ಕನನ್ನು ನೋಡಿ, "ನಿಮ್ಮ ಮಗಳ ನಂಬರ್ ಯಾವ ರೂಮಿನಾಗ ಐತ್ರಿ?" ಎಂದು ಕೇಳಿದಳು. ಅಕ್ಕ ನಕ್ಕು, "ನಾನ ಬರಿಯಾಕಿ" ಎಂದು ಒಳಗೆ ಹೋದಳು.

ನಾನು ಹೊರಗೆ ಬೇವಿನ ಮರದ ಕೆಳಗೆ ಕೂತೆ. ಯಾವನೋ ಪರಿಚಯದವನು ಸಿಕ್ಕ, ಅವನಿಗೆ ನನ್ನ ಲೆಕ್ಕದ ಗುಟ್ಟನ್ನು ಒಂದು ಗಂಟೆ ವಿವರಿಸಿದೆ. ಎರಡು ಸಲ ಚಹಾ ಕುಡಿದೆವು. ನಿಜ ಹೇಳಬೇಕೆಂದರೆ ಆ ಎರಡೂವರೆ ತಾಸು ನನಗೆ ಅಕ್ಕನ ನೆನಪೇ ಇರಲಿಲ್ಲ. ಚುಕ್ಕಿಗಳಲ್ಲಿ ಎಷ್ಟು ಬಂದಾವು ಎಂಬುದೊಂದೇ ತಲೆಯಲ್ಲಿತ್ತು.

ಗಂಟೆ ಹೊಡೆದ ಮೇಲೆ ಮಕ್ಕಳೆಲ್ಲ ಕೂಗಾಡುತ್ತ ಬಂದರು. ಅಕ್ಕ ಕೊನೆಗೆ ಬಂದಳು. ಪ್ರಶ್ನೆಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದಿದ್ದಳು. ನಾನು ಕೈ ಚಾಚಿದೆ. ಅವಳು ಕೊಡುತ್ತ, ಬೈಗುಳವೂ ಅಲ್ಲ ಅಳುವೂ ಅಲ್ಲ, ಮಳೆ ಬಂತು ಎಂದು ಹೇಳುವ ದನಿಯಲ್ಲಿ, "ಮುಳ್ಳು ಚುಚ್ಚಿದ್ದ ಬಂದಿತ್ತಪ್ಪಾ" ಎಂದಳು.

ಬಿಡಿಸಿ ನೋಡಿದೆ. ಐದು ವಾಕ್ಯ, ಐದು ಅಂಕ. ಎನಫ್ ಬಳಸಿ ಜೋಡಿಸಿ ಬರೆಯಿರಿ. ಮಾರ್ಚಿಯಲ್ಲಿ ಬಂದದ್ದೇ ಅಕ್ಟೋಬರಿಗೂ ಬಂದಿತ್ತು. ಗೋಡೆಯ ಮೇಲಿನ ಅಷ್ಟೂ ಪತ್ರಿಕೆಗಳಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ.

"ಏನರ ಬರದಿಯಾ?"

"ಬಿಡಬಾರದಂತ ಐದಕ್ಕೂ ಟೂ ಹಾಕಿ ಬರದೆ."

ಬಸ್ಸಿನಲ್ಲಿ ನಾನೇ ಮಾತು ತೆಗೆದು, ಅದನ್ನು ಹೇಗೆ ಬರೆಯಬೇಕಿತ್ತು ಎಂದು ಹೇಳಲು ಹೊರಟೆ. ಅಕ್ಕ ಕಿಟಕಿಯ ಹೊರಗೆ ನೋಡುತ್ತ, "ಈಗ್ಯಾಕ ಬಿಡೋ" ಎಂದಳು. ಉಳಿದದ್ದೆಲ್ಲ ಚೆನ್ನಾಗಿ ಬರೆದಿದ್ದೀಯಲ್ಲ, ಪಾಸಾಗುತ್ತಿ ಎಂದೆ. ಹೂಂ ಎಂದಳು.

ಫಲಿತಾಂಶ ಬಂದ ದಿನ ಪೇಪರಿನಲ್ಲಿ ಅವಳ ನಂಬರ್ ಇರಲಿಲ್ಲ. ನಾನು ಹಿಂದಿನ ನಂಬರು, ಮುಂದಿನ ನಂಬರುಗಳನ್ನೆಲ್ಲ ನೋಡಿದೆ, ಪೇಪರು ತಿರುವಿ ಬೇರೆ ಜಿಲ್ಲೆಯ ನಂಬರುಗಳನ್ನೂ ನೋಡಿದೆ. ಆಮೇಲೆ ಅಂಕಪಟ್ಟಿ ಬಂತು. ಬೇಕಾದದ್ದು ಮೂವತ್ತೈದು, ಬಂದದ್ದು ಮೂವತ್ತೊಂದು. ಆ ಐದರಲ್ಲಿ ನಾಲ್ಕು ಸಿಕ್ಕಿದ್ದರೆ ಸಾಕಿತ್ತು.

ಸ್ಟಾಫ್ ರೂಮಿನಲ್ಲಿ ನಾನು ಏನು ಹೇಳಿದೆ ಗೊತ್ತೇ? ಪ್ರಶ್ನೆಪತ್ರಿಕೆ ತೆಗೆದವನಿಗೆ ತಲೆ ಕೆಟ್ಟಿತ್ತು ಎಂದೆ. ಮಾರ್ಚಿಯದನ್ನೇ ಅಕ್ಟೋಬರಿಗೆ ಕೊಡುವುದು ಯಾವ ನ್ಯಾಯ ಎಂದು ಮೇಜು ಕುಟ್ಟಿದೆ. ಎಲ್ಲರೂ ಹೌದೌದು ಎಂದರು. ಮನೆಯಲ್ಲಿ ಮಾತ್ರ ಹಾಗೆ ಹೇಳಲು ಬಾಯಿ ಬರಲಿಲ್ಲ. ತಪ್ಪು ನನ್ನದು ಎನ್ನಲೂ ಬರಲಿಲ್ಲ.

ದೊಡ್ಡಪ್ಪ ಬಂದ. ಈ ಸಲ ಕೂರಲಿಲ್ಲ, ನಿಂತೇ ಮಾತಾಡಿದ. ಸೋಮವಾರ ಹಿರೇಹಡಗಲಿಯಿಂದ ಕರೆಯಲು ಬರುತ್ತಾರೆ ಎಂದ. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹಿರಿಯರೆದುರು ಎಂದೂ ದನಿ ಎತ್ತದವಳು, "ಇಲ್ಲೇ ಇರ್ಲಿ ಬಿಡ್ರಿ ಮಾವಾರ. ನಮಗೇನ ಭಾರ ಅಲ್ಲ ಅವ್ರು" ಎಂದಳು. ದೊಡ್ಡಪ್ಪ ನನ್ನ ಮುಖ ನೋಡಿದ. ಮನೆಯ ಯಜಮಾನ ನಾನು. ನಾನೊಂದು ಹೂಂ ಅಂದಿದ್ದರೆ ದೊಡ್ಡಪ್ಪ ಎಲೆಯಡಿಕೆ ಉಗುಳಿ ಹೊರಟುಹೋಗುತ್ತಿದ್ದ, ಒಂದು ವರ್ಷ ಮಾತು ಬಿಡುತ್ತಿದ್ದ, ಅಷ್ಟೇ. ಅಕ್ಕನೂ ನನ್ನ ಕಡೆ ನೋಡಿದಳು.

ನಾನು ಸುಮ್ಮನಿದ್ದೆ.

ಯಾಕೆ ಸುಮ್ಮನಿದ್ದೆ ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ಜನರ ಬಾಯಿಗೆ ಹೆದರಿದ್ದೆ ಎಂದು ಹೆಂಡತಿ ಇವತ್ತಿಗೂ ತಿಳಿದಿದ್ದಾಳೆ. ಅದಲ್ಲ. ಫಲಿತಾಂಶ ಬಂದಾಗಿನಿಂದ ದಿನಾ ಮುಂಜಾನೆ ಆ ಹೊಸ್ತಿಲಲ್ಲಿ ಅಕ್ಕನ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಅವಳು ಒಂದು ಮಾತು ಬೈದಿದ್ದರೆ ಆಗುತ್ತಿತ್ತೇನೋ. ಎಂದಿನಂತೆ ಬಿಸಿ ರೊಟ್ಟಿ ತಟ್ಟೆಗೆ ಹಾಕುತ್ತಿದ್ದಳು. ಅವಳು ಕಣ್ಣೆದುರಿನಿಂದ ಹೋದರೆ ಸಾಕಾಗಿತ್ತು ನನಗೆ. ಬೂದಿಯಲ್ಲಿ ಅಕ್ಷರ ತಿದ್ದಿಸಿದವಳನ್ನು ಹಾಗೆ ಕಳಿಸಿದೆ.

ಸೋಮವಾರ ಬಂದವರು ಅವಳ ಗಂಡನ ಕಡೆಯ ಯಾರೋ ಇಬ್ಬರು. ಟ್ರಂಕು ಎತ್ತುವಾಗ ಅಕ್ಕ ಗೈಡನ್ನೂ ಅದರಲ್ಲಿ ಇಟ್ಟುಕೊಂಡಳು. ಅದು ನಿನಗ್ಯಾಕೆ ಇನ್ನು ಎಂದು ಕೇಳುವಷ್ಟು ಕೆಟ್ಟವನು ನಾನಾಗಲಿಲ್ಲ. ಮುಳ್ಳಿನ ಡಬ್ಬಿಯನ್ನು ಕಿಟಕಿಯಲ್ಲೇ ಬಿಟ್ಟಳು. ತುಂಬಿಸಿಟ್ಟಿದ್ದಳು.

ನಾನು ಮುಳ್ಳು ಚುಚ್ಚುವುದನ್ನು ಬಿಟ್ಟೆ ಎಂದು ನೀವು ತಿಳಿಯಬಹುದು. ಬಿಡಲಿಲ್ಲ. ಡಿಸೆಂಬರಿಗೆ ಹೊಸ ಮಕ್ಕಳು ಗೈಡು ಹಿಡಿದು ಬಂದರು, ನಾನು ಅಕ್ಕ ಬಿಟ್ಟುಹೋದ ಡಬ್ಬಿಯಿಂದಲೇ ತೆಗೆದು ಚುಚ್ಚಿಕೊಟ್ಟೆ. ಆ ಮಾರ್ಚಿಯಲ್ಲಿ ನನ್ನ ಮೂರು ಚುಕ್ಕಿಯವು ಒಂದೂ ಬಿಡದೆ ಬಂದವು. ಹರಪನಹಳ್ಳಿಯಿಂದ ಒಬ್ಬರು ಬುಟ್ಟಿ ತುಂಬ ಬಾಳೆಹಣ್ಣು ತಂದುಕೊಟ್ಟು ಕಾಲಿಗೆ ಬಿದ್ದರು. ಎತ್ತಿ ನಿಲ್ಲಿಸಿ ಆಶೀರ್ವಾದ ಮಾಡಿದೆ. ಹೊಸ ಇಂಗ್ಲಿಷ್ ಮಾಸ್ತರು ಬರುವವರೆಗೆ, ಪುಸ್ತಕವೂ ಗೈಡೂ ಬದಲಾಗುವವರೆಗೆ, ಅದೇ ನಡೆಯಿತು.

ಹಿರೇಹಡಗಲಿಗೆ ನಾನು ಹೋದದ್ದು ಎಂಟು ವರ್ಷದ ಮೇಲೆ. ನಡುವೆ ಹಬ್ಬಕ್ಕೆ, ಸಾವಿಗೆ ಹೆಂಡತಿ ಹೋಗಿ ಬರುತ್ತಿದ್ದಳು, ನಾನು ಏನಾದರೊಂದು ನೆವ ಹೇಳುತ್ತಿದ್ದೆ. ಆ ಸಲ ಅಕ್ಕನಿಗೆ ಆರಾಮಿಲ್ಲ ಎಂದು ಸುದ್ದಿ ಬಂತು, ಹೆಂಡತಿಗೂ ಜ್ವರ, ತಪ್ಪಿಸಿಕೊಳ್ಳಲು ಆಗಲಿಲ್ಲ. ಹೋಗಿ ನೋಡಿದರೆ ಎದ್ದು ಓಡಾಡುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು, ಬೆನ್ನು ಸ್ವಲ್ಪ ಬಾಗಿತ್ತು. ಚಿಕ್ಕವಳಿಗೆ ಮೂರು ಮಕ್ಕಳು, ಮೂವರೂ ಅಕ್ಕನನ್ನು ದೊಡ್ಡವ್ವ ಎಂದು ಕರೆಯುತ್ತಿದ್ದರು. ಕರೆಯುತ್ತಿದ್ದದ್ದು ನೀರು ಕೊಡು, ಅಂಗಿ ಕೊಡು, ಅದು ಎಲ್ಲೈತಿ ಇದು ಎಲ್ಲೈತಿ ಎಂದು. ಬಾವ ಕಟ್ಟೆಯ ಮೇಲಿನಿಂದ, "ಬರ್ರಿ ಮಾಸ್ತರ" ಎಂದು ಅಲ್ಲೇ ಕೂತ.

ಅಕ್ಕ ನನ್ನನ್ನು ಊಟಕ್ಕೆ ಕೂರಿಸಿದಳು. ಒಲೆಯ ಮುಂದೆ ಅವಳು, ಎದುರಿಗೆ ನಾನು, ಮೊದಲಿನಂತೆಯೇ. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ. ಎರಡು ರೊಟ್ಟಿ ಉಂಡು ಕೈ ಅಡ್ಡ ಹಿಡಿದು ಸಾಕು ಎಂದೆ. ಅಕ್ಕ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ರೊಟ್ಟಿ ಹಾಕಿದಳು.

"ಸಾಕಂತೀನಿ, ಯಾಕ ಹಾಕ್ತಿ ಅಕ್ಕಾ?"

"ನೀ ಸಾಕು ಅಂದದ್ದನ್ನ ನಾ ನಂಬಂಗಿಲ್ಲಪ್ಪಾ" ಎಂದು ಅಕ್ಕ ನಕ್ಕಳು.

ತಮಾಷೆಗೇ ಹೇಳಿದ್ದು. ಮುಖದಲ್ಲಿ ಬೇರೆ ಏನೂ ಇರಲಿಲ್ಲ, ನಾನು ಹುಡುಕಿ ನೋಡಿದೆ. ತಲೆ ತಗ್ಗಿಸಿ ಆ ರೊಟ್ಟಿಯನ್ನು ತಿಂದೆ. ಮೇಲೆ ನೀರು ಕುಡಿದೆ. "ಅಕ್ಕಾ, ಅವತ್ತ ನಾ..." ಎಂದು ಶುರು ಮಾಡಿದೆ. ಅಷ್ಟರಲ್ಲಿ ಚಿಕ್ಕವಳ ಮಗ ಬಂದು ದೊಡ್ಡವ್ವಾ ಎಂದ. ಅಕ್ಕ ಎದ್ದು ಹೋದಳು. ತಿರುಗಿ ಬಂದಾಗ ನಾನು ಕೈ ತೊಳೆದುಕೊಂಡಿದ್ದೆ.

ಹೊರಡುವಾಗ ಟ್ರಂಕು ತೆಗೆದು ಆ ಗೈಡನ್ನು ನನ್ನ ಕೈಗೆ ಕೊಟ್ಟಳು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದಳು. "ನಿನ್ನ ಮಗಳು ದೊಡ್ಡಾಕಿ ಆಗ್ಯಾಳಲ್ಲ, ಆಕೀಗಿ ಬೇಕಾಗ್ತೈತಿ. ನಾ ಹಾಳಿ ಹರಿಯಾಕ ಬಿಟ್ಟಿಲ್ಲ" ಎಂದಳು. ಪುಸ್ತಕ ಬದಲಾಗಿದೆ, ಇದು ಯಾರಿಗೂ ಬೇಡದ ಗೈಡು ಎಂದು ನಾನು ಹೇಳಲಿಲ್ಲ.

ಬಸ್ಸಿನಲ್ಲಿ ನನಗೆ ಕೊನೆಯ ಸೀಟು ಸಿಕ್ಕಿತು. ಬಸ್ಸು ಹೊರಟ ಮೇಲೆ ಬಟ್ಟೆ ಬಿಚ್ಚಿ ಗೈಡು ತೆರೆದೆ. ಚುಕ್ಕಿ ಇದ್ದ ಪುಟಗಳೆಲ್ಲ ಮುಟ್ಟಿ ಮುಟ್ಟಿ ಮೆತ್ತಗಾಗಿದ್ದವು, ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಸಣ್ಣ ಅಕ್ಷರ. ದಿ ರೊಟ್ಟಿ ಈಸ್ ಟೂ ಹಾರ್ಡ್ ಟು ಈಟ್ ಎಂಬುದೂ ಇತ್ತು. ಮೈ ಬ್ರದರ್ ಎಂಬುದೂ ಇತ್ತು. ಮುಂದೆ ತಿರುವಿದರೆ ಮುಳ್ಳು. ಹಾಗೇ ಇತ್ತು. ಪರೀಕ್ಷೆಗೆ ಮೊದಲು ನಾನು ಬೇಡ ಎಂದೆ, ಬಿಚ್ಚಲಿಲ್ಲ, ಸರಿ. ಆಮೇಲಿನ ಎಂಟು ವರ್ಷ ಬೇಡ ಎನ್ನುವವರು ಯಾರಿದ್ದರು? ಮುಳ್ಳು ಕಂದಿ ಕಪ್ಪಾಗಿ ಹಾಳೆಗೆ ಅಂಟಿಕೊಂಡಿತ್ತು. ಉಗುರಿನಿಂದ ಮೀಟಿ ತೆಗೆದೆ. ಒಳಗಿನ ಎರಡು ಪುಟ ಅಂಗಡಿಯಿಂದ ತಂದ ದಿನ ಇದ್ದ ಹಾಗೆಯೇ ಬೆಳ್ಳಗಿದ್ದವು.

ಮೂರು ಸಾಲಿನ ನಿಯಮ, ಹನ್ನೆರಡು ವಾಕ್ಯ. ಹೀ ಈಸ್ ಸ್ಟ್ರಾಂಗ್ ಎನಫ್ ಟು ಲಿಫ್ಟ್ ದಿ ಬಾಕ್ಸ್. ದಿ ರೂಮ್ ಈಸ್ ಬಿಗ್ ಎನಫ್ ಫಾರ್ ಅಸ್. ಗುಣ ಹೇಳುವ ಪದಕ್ಕೆ ಟೂ ಮೊದಲು ಬರುತ್ತದೆ, ಎನಫ್ ಆಮೇಲೆ ಬರುತ್ತದೆ, ಅಷ್ಟೇ ಇತ್ತು ಅದರಲ್ಲಿ. ಅಕ್ಕನ ಹಾಗೆ ಮನಸ್ಸಿಟ್ಟು ಒಂದು ಸಲ ಓದಿದೆ, ಎರಡನೇ ಸಲ ಓದಿದೆ, ಪುಸ್ತಕ ಮುಚ್ಚಿ ಒಪ್ಪಿಸಿಕೊಂಡೆ. ಹನ್ನೆರಡೂ ಬಂದವು. ಕಂಡಕ್ಟರ್ ಮುಂದಿನ ಸೀಟಿನಿಂದ ಟಿಕೆಟ್ ಹರಿಯುತ್ತ ಇನ್ನೂ ನನ್ನ ಸೀಟಿನವರೆಗೆ ಬಂದಿರಲಿಲ್ಲ.